ಸಿ.ಬಿ. ಪಾಯಿಂಟೂ ಯೆಜ್ಡಿಯ ಆತ್ಮವೂ

ಕಳೆದ ಜುಲೈ ತಿಂಗಳ ಎರಡನೆಯ ಭಾನುವಾರ ಮೈಸೂರಿನಲ್ಲಿ ಹಳೆಯ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಸಾಕಿಕೊಂಡಿರುವವರೆಲ್ಲ ಒಂದೆಡೆ ಸೇರಿದ್ದರು. ಪ್ರತಿ ವರ್ಷ ಆ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವುದು ಈ ಬಳಗದ ರೂಢಿ. ನಾನೂ ನನ್ನ 1979ರ ಯೆಜ್ಡಿಯನ್ನು ಹಿಂದಿನ ದಿನವೇ ಒರೆಸಿ, ಪೆಟ್ರೋಲಿಗೆ ಎಣ್ಣೆ ಬೆರೆಸಿಟ್ಟು, ಬೆಳಗಿನ ಸೋನೆ ಮಳೆಯಲ್ಲಿ ಅಲ್ಲಿಗೆ ಹೋಗಿದ್ದೆ. ನೀಲಿ ಹೊಗೆಯ ನಡುವೆ ಹಳೆಯ ಪರಿಚಯಗಳು ಹೊಸದಾದವು. ಕಾಫಿ, ಉಪ್ಪಿಟ್ಟು, ಹರಟೆ ಎಲ್ಲವೂ ಆಯಿತು. ಆದರೆ ಆ ಸಂತೋಷದ ನಡುವೆ ನಡೆದ ಒಂದು ಸಣ್ಣ ಪ್ರಸಂಗ ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿದೆ.

ಇಪ್ಪತ್ತೈದರ ಆಸುಪಾಸಿನ ತರುಣನೊಬ್ಬ ತನ್ನ ಅಜ್ಜನ ಗಾಡಿಯನ್ನು ತಂದಿದ್ದ. ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಬಿದ್ದಿದ್ದ ಗಾಡಿಯನ್ನು ತನ್ನ ಮೊದಲ ಸಂಬಳದ ಹಣ ಕೂಡಿಸಿ ಎಬ್ಬಿಸಿದ್ದನಂತೆ. ನನ್ನ ವಯಸ್ಸಿನವರೇ ಆದ ಹಿರಿಯರೊಬ್ಬರು ಅದರ ಬಲಬದಿಯ ಮುಚ್ಚಳ ಬಿಚ್ಚಿಸಿ ನೋಡಿದರು. ಒಳಗೆ ಡೈನಮೋ ಇರಲಿಲ್ಲ, ಸಿ.ಬಿ. ಪಾಯಿಂಟ್ ಇರಲಿಲ್ಲ. ಆ ಜಾಗದಲ್ಲಿ ಹೊಸ ಮ್ಯಾಗ್ನೆಟ್ಟು, ಹೊಸ ಸುರುಳಿಗಳು, ಎಲೆಕ್ಟ್ರಾನಿಕ್ ಇಗ್ನಿಷನ್ನಿನ ತಂತಿಗಳು ಕುಳಿತಿದ್ದವು. ಹಿರಿಯರು ಎಲ್ಲರಿಗೂ ಕೇಳುವಂತೆ, "ಪಾಯಿಂಟ್ ಕಿತ್ತ ಮೇಲೆ ಇದನ್ನು ಯೆಜ್ಡಿ ಅನ್ನಬೇಡಪ್ಪ. ಆತ್ಮ ಹೋದ ಹೆಣ ಇದು" ಎಂದರು. ಸುತ್ತಲಿನವರು ನಕ್ಕರು. ಹುಡುಗ ಮಾತನಾಡಲಿಲ್ಲ. ಮುಚ್ಚಳವನ್ನು ಇಟ್ಟು, ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ, ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟುಹೋದ.

ನಾನು ಅಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ನನ್ನ ಗಾಡಿಯ ಬಲಬದಿಯ ಮುಚ್ಚಳವನ್ನು ಬಿಚ್ಚಿದ್ದರೂ ಅಲ್ಲಿ ಕಾಣುತ್ತಿದ್ದುದು ಇದೇ. ನಿವೃತ್ತನಾದ ಮರುವರ್ಷ, 2019ರಲ್ಲಿ, ನಾನೂ ಪಾಯಿಂಟನ್ನು ತೆಗೆಸಿ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಹಾಕಿಸಿದ್ದೇನೆ. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ "ಗೊತ್ತಿದ್ದರೆ ಕೈ ಎತ್ತಿ ಹೇಳಿ" ಎಂದು ಮಕ್ಕಳನ್ನು ಗದರಿದವನು ನಾನು. ಆ ದಿನ ಕೈ ಎತ್ತದೆ ಸುಮ್ಮನಿದ್ದುದಕ್ಕೆ ಪ್ರಾಯಶ್ಚಿತ್ತವೆಂದು ಈ ಬರಹವನ್ನು ತಿಳಿಯಬೇಕು. ಆ ಹಿರಿಯರ ವಾದ ನನ್ನ ತಲೆಮಾರಿನ ಬಹುತೇಕರ ವಾದ. ಅದು ತಪ್ಪು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಏಕೆಂಬುದನ್ನು ವಿವರಿಸುತ್ತೇನೆ.

ಮೊದಲು ಪಾಯಿಂಟ್ ಎಂದರೇನು ಎಂಬುದನ್ನು ಇಂದಿನ ಓದುಗರಿಗಾಗಿ ಹೇಳಬೇಕು. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಒತ್ತಿ ಹಿಡಿದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ಹಚ್ಚಬೇಕು. ಪ್ಲಗ್ಗಿನ ತುದಿಯ ಕಿರಿದಾದ ಸಂದಿನಲ್ಲಿ ಕಿಡಿ ಹಾರಬೇಕಾದರೆ ಸಾವಿರಾರು ವೋಲ್ಟ್ ಬೇಕು. ನಮ್ಮ ಯೆಜ್ಡಿಯ ಬ್ಯಾಟರಿಯಲ್ಲಿರುವುದು 6 ವೋಲ್ಟ್. ಆರನ್ನು ಸಾವಿರಗಳಿಗೆ ಏರಿಸುವ ಉಪಾಯವೇ ಇಗ್ನಿಷನ್ ಕಾಯಿಲ್. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಅದಕ್ಕೆ ಆಧಾರ. ಕಾಯಿಲ್‌ನೊಳಗೆ ದಪ್ಪ ತಂತಿಯ ಕೆಲವೇ ಸುತ್ತುಗಳೂ ಕೂದಲಿನಂಥ ತಂತಿಯ ಸಾವಿರಾರು ಸುತ್ತುಗಳೂ ಒಂದೇ ಕಬ್ಬಿಣದ ತಿರುಳಿನ ಮೇಲಿರುತ್ತವೆ. ದಪ್ಪ ತಂತಿಯಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ, ಸಣ್ಣ ತಂತಿಯಲ್ಲಿ ಭಾರಿ ವೋಲ್ಟೇಜ್ ಪ್ರೇರಿತವಾಗುತ್ತದೆ.

ಥಟ್ಟನೆ ಕಡಿಯುವ ಆ ಕೆಲಸವನ್ನು ಮಾಡುತ್ತಿದ್ದುದೇ ಸಿ.ಬಿ. ಪಾಯಿಂಟ್. ಕಾಂಟ್ಯಾಕ್ಟ್ ಬ್ರೇಕರ್ ಎಂಬುದರ ಹ್ರಸ್ವರೂಪ ಅದು. ಟಂಗ್‌ಸ್ಟನ್ನಿನ ಎರಡು ಸಣ್ಣ ಗುಂಡಿಗಳು ಸ್ಪ್ರಿಂಗಿನ ಬಲದಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಂಜಿನ್ನಿನೊಂದಿಗೆ ತಿರುಗುವ ಕ್ಯಾಮ್ ಎಂಬ ಉಬ್ಬು, ಫೈಬರಿನ ಒಂದು ಹಿಮ್ಮಡಿಯನ್ನು ತಳ್ಳಿ ಅವೆರಡನ್ನೂ ಬೇರ್ಪಡಿಸುತ್ತದೆ. ಬೇರ್ಪಟ್ಟಾಗ ಅವುಗಳ ನಡುವಿನ ಅಂತರ 0.4 ಮಿ.ಮೀ. ಆಸುಪಾಸಿನಲ್ಲಿರಬೇಕು. ಬೇರ್ಪಡುವ ಕ್ಷಣವೂ ಪಿಸ್ಟನ್ ಮೇಲುತುದಿಯನ್ನು ಮುಟ್ಟುವುದಕ್ಕೆ ಸುಮಾರು 3 ಮಿ.ಮೀ. ಮುಂಚಿತವಾಗಿ ಕೂಡಿಬರಬೇಕು. ಪಕ್ಕದಲ್ಲಿರುವ ಕಂಡೆನ್ಸರ್, ಗುಂಡಿಗಳ ನಡುವೆ ಹುಟ್ಟುವ ಕಿಡಿಯನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಬಹುಮಟ್ಟಿಗೆ ಎಂದೆ, ಪೂರ್ತಿಯಾಗಿ ಅಲ್ಲ. ಉಳಿದ ಕಿಡಿ ಗುಂಡಿಗಳನ್ನು ದಿನೇ ದಿನೇ ಸುಡುತ್ತದೆ. ಒಂದರಲ್ಲಿ ಕುಳಿ ಬೀಳುತ್ತದೆ, ಇನ್ನೊಂದರಲ್ಲಿ ಮೊಳೆ ಏಳುತ್ತದೆ.

ಮೇಷ್ಟ್ರ ಲೆಕ್ಕ ಒಂದನ್ನು ಹಾಕೋಣ. ಯೆಜ್ಡಿ ಟೂ ಸ್ಟ್ರೋಕ್ ಗಾಡಿಯಾದ್ದರಿಂದ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ ಸರಾಸರಿ 3000 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ 50 ಸಲ, ಗಂಟೆಗೆ 1,80,000 ಸಲ ಆ ಪುಟ್ಟ ಗುಂಡಿಗಳು ಅಗಲಿ ಬಡಿದುಕೊಳ್ಳಬೇಕು. ಶಾಲೆಗೆ ಹೋಗಿ ಬರಲು ನನಗೆ ದಿನಕ್ಕೆ 22 ಕಿ.ಮೀ. ದಾರಿ ಸವೆಯುತ್ತಿತ್ತು. ಅಂದರೆ ದಿನಕ್ಕೆ ಲಕ್ಷದ ಹತ್ತಿರ, 200 ದಿನಗಳ ಶಾಲಾ ವರ್ಷಕ್ಕೆ ಎರಡು ಕೋಟಿಯ ಹತ್ತಿರ. ಇಷ್ಟು ಸಲವೂ ಫೈಬರಿನ ಹಿಮ್ಮಡಿ ಲೋಹದ ಕ್ಯಾಮಿನ ಮೇಲೆ ಉಜ್ಜಿಕೊಂಡೇ ಹೋಗಬೇಕು. ಉಜ್ಜಿದ್ದು ಸವೆಯದೆ ಇರುತ್ತದೆಯೇ? ಹಿಮ್ಮಡಿ ಸವೆದಂತೆ ಗುಂಡಿಗಳ ಅಂತರ ಕಿರಿದಾಗುತ್ತದೆ, ಅವು ಬೇರ್ಪಡುವುದು ತಡವಾಗುತ್ತದೆ, ಕಿಡಿಯೂ ತಡವಾಗಿ ಹಾರುತ್ತದೆ. ಎಂಜಿನ್ ಬಿಸಿಯೇರುತ್ತದೆ, ಏರಿನಲ್ಲಿ ಸೊರಗುತ್ತದೆ, ಕಿಕ್ಕರ್ ತುಳಿದು ತುಳಿದು ಕಾಲು ಸೋಲುತ್ತದೆ.

ಇದನ್ನೇ ನಮ್ಮ ಹಿರಿಯರು ಆತ್ಮ ಎನ್ನುತ್ತಾರೆ. ಸವೆಯುವುದಕ್ಕೆಂದೇ ಮಾಡಿದ, ಅಂಗಡಿಯಲ್ಲಿ ಬಿಡಿಯಾಗಿ ಮಾರಾಟವಾಗುತ್ತಿದ್ದ, ಸವೆದಾಗ ಎಸೆದು ಹೊಸದು ಹಾಕಿ ಎಂದು ತಯಾರಕರೇ ಹೇಳುತ್ತಿದ್ದ ಒಂದು ಬಿಡಿಭಾಗ ಆತ್ಮವಾಗುವುದು ಹೇಗೆ? ಆತ್ಮಕ್ಕೆ ನಾಶವಿಲ್ಲ ಎಂದು ನಾವು ಕೇಳಿದ್ದೇವೆ. ಬ್ರೇಕಿನ ಶೂ ಸವೆದರೆ, ಟೈರು ನುಣುಪಾದರೆ, ಚೈನು ಸಡಿಲವಾದರೆ ಬದಲಾಯಿಸುತ್ತೇವೆ. ಇಂದು ಸಿಗುವ ಟೈರು 1979ರ ಟೈರಲ್ಲ, ನಾವು ಬೆರೆಸುವ ಎಣ್ಣೆ ಅಂದಿನ ಎಣ್ಣೆಯಲ್ಲ. ಆಗ ಸೀಸ ಬೆರೆಸಿದ್ದ ಪೆಟ್ರೋಲಿಗೆ ಇಂದು ಎಥನಾಲ್ ಬೆರೆಸುತ್ತಾರೆ. ಇವೆಲ್ಲವೂ ಬದಲಾದಾಗ ಹೋಗದ ಆತ್ಮ 0.4 ಮಿ.ಮೀ. ಸಂದಿನಲ್ಲಿ ಅಡಗಿ ಕುಳಿತಿತ್ತೆಂದು ನಂಬುವುದು ನನ್ನಿಂದಾಗದು.

ಪಾಯಿಂಟ್ ಎಂಬುದು ಯಾವುದೋ ಋಷಿ ಕಂಡ ದರ್ಶನವೂ ಅಲ್ಲ. ಬ್ಯಾಟರಿ, ಕಾಯಿಲ್, ಪಾಯಿಂಟ್ ಇವುಗಳನ್ನು ಕೂಡಿಸಿ ಮೋಟಾರು ಕಾರಿಗೆ ನಂಬಬಹುದಾದ ಕಿಡಿವ್ಯವಸ್ಥೆಯನ್ನು 1910ರ ಸುಮಾರಿಗೆ ರೂಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಎಂಜಿನಿಯರ್ ಆಗುವ ಮೊದಲು ಅವರು ಒಹಾಯೊ ಪ್ರಾಂತದ ಹಳ್ಳಿಶಾಲೆಯಲ್ಲಿ ಮೇಷ್ಟ್ರಾಗಿದ್ದವರು ಎಂಬುದು ನನಗೆ ವೈಯಕ್ತಿಕವಾಗಿ ಸಂತೋಷ ಕೊಡುವ ಸಂಗತಿ. ವಿದ್ಯುತ್ತನ್ನು ಕ್ಷಣಾರ್ಧದಲ್ಲಿ ಕಡಿಯಲು ಆ ಕಾಲದಲ್ಲಿ ಅವರ ಕೈಗೆ ಸಿಕ್ಕ ಅಗ್ಗದ, ಗಟ್ಟಿಮುಟ್ಟಾದ ಉಪಾಯ ಲೋಹದ ಎರಡು ಗುಂಡಿಗಳೇ ಆಗಿದ್ದವು. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಕೊನೆಯಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಸವೆತವೇ ಇಲ್ಲದ ಸ್ವಿಚ್ಚು ಕೈಗೆ ಬಂದ ಮೇಲೆ ಎಂಜಿನಿಯರುಗಳು ಬಹಳ ಕಾಲ ಸುಮ್ಮನಿರಲಿಲ್ಲ. 1963ರಲ್ಲಿಯೇ ಅಮೆರಿಕದ ಪಾಂಟಿಯಾಕ್ ಕಾರುಗಳಿಗೆ ಟ್ರಾನ್ಸಿಸ್ಟರ್ ಇಗ್ನಿಷನ್ ಐಚ್ಛಿಕವಾಗಿ ದೊರೆಯುತ್ತಿತ್ತು. 1969ರಲ್ಲಿ ಬಂದ ಕವಾಸಾಕಿಯ 500 ಸಿಸಿ ಟೂ ಸ್ಟ್ರೋಕ್ ಬೈಕಿನಲ್ಲಿ ಸಿ.ಡಿ.ಐ. ವ್ಯವಸ್ಥೆಯಿತ್ತು. 1973ರ ಹೊತ್ತಿಗೆ ಕ್ರೈಸ್ಲರ್ ತನ್ನ ಅಮೆರಿಕದ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೇ ಹಾಕಿತು. 1985ರಲ್ಲಿ ನಮ್ಮ ರಸ್ತೆಗಿಳಿದ ಯಮಾಹಾ ಆರ್‌ಎಕ್ಸ್ 100 ಕೂಡ ಪಾಯಿಂಟಿಲ್ಲದೆಯೇ ಓಡಿತು. ಪಾಯಿಂಟನ್ನು ಕೈಬಿಟ್ಟವರು ಇಂದಿನ ಹುಡುಗರಲ್ಲ, ಅದನ್ನು ತಯಾರಿಸಿ ಬಲ್ಲವರೇ.

ಈಗ ನೆನಪುಗಳ ವಾದಕ್ಕೆ ಬರೋಣ. ಗೆಳೆಯರು ಹೇಳುತ್ತಾರೆ: "ಪಾಯಿಂಟಿನ ಗಾಡಿ ಎಲ್ಲಿ ನಿಂತರೂ ನಾವೇ ಸರಿಮಾಡಿಕೊಳ್ಳುತ್ತಿದ್ದೆವು. ಬೆಂಕಿಪೊಟ್ಟಣದ ಮದ್ದಿನ ಪಟ್ಟಿಯಲ್ಲಿ ಉಜ್ಜಿ, ಮದುವೆಯ ಕಾಗದದ ಅಂಚನ್ನು ಅಳತೆಗೋಲು ಮಾಡಿಕೊಂಡು ಸಂದು ಹೊಂದಿಸಿ, ಒಂದೇ ಕಿಕ್ಕಿಗೆ ಹೊರಡುತ್ತಿದ್ದೆವು." ಸುಳ್ಳಲ್ಲ. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ, ಮಾಡಿ ಹೆಮ್ಮೆಪಟ್ಟಿದ್ದೇನೆ. ಆದರೆ ನೆನಪೆಂಬುದು ಪಕ್ಷಪಾತಿ. ರಿಪೇರಿಯಾಗಿ ಹೊರಟ ದಿನಗಳನ್ನು ಅದು ಕಥೆ ಮಾಡಿ ಇಟ್ಟುಕೊಳ್ಳುತ್ತದೆ, ಹೊರಡದೆ ನಿಂತ ದಿನಗಳನ್ನು ಮರೆಯುತ್ತದೆ. ನನಗೆ ಮರೆಯಲಾಗದ ಒಂದು ದಿನವಿದೆ. ಅದನ್ನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

1989ರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ. ಆಗ ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ನಮ್ಮ ಮಕ್ಕಳಿಗೆ ಪರೀಕ್ಷಾ ಕೇಂದ್ರವಿದ್ದುದು 16 ಕಿ.ಮೀ. ದೂರದ ಹೋಬಳಿಯಲ್ಲಿ. ಗಣಿತ ಪತ್ರಿಕೆಯ ದಿನ ಬೆಳಗ್ಗೆ ಒಬ್ಬ ಹುಡುಗ ನನ್ನ ಮನೆಯ ಬಾಗಿಲಿಗೆ ಬಂದು ನಿಂತ. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗಿದ್ದವನಿಗೆ ಬೆಳಗಿನ ಬಸ್ಸು ತಪ್ಪಿಹೋಗಿತ್ತು. ಇನ್ನೊಂದು ಬಸ್ಸು ಬರುವುದು ಮಧ್ಯಾಹ್ನ. "ಹತ್ತು" ಎಂದೆ. ಹಿಂದೆ ಕುಳಿತ. ಜ್ಯಾಮಿತಿ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡಿದ್ದುದು ನನ್ನ ಬೆನ್ನಿಗೆ ತಾಗುತ್ತಿತ್ತು.

ಆರೇಳು ಕಿ.ಮೀ. ಹೋಗಿದ್ದೆವು. ಒಂದು ಸಣ್ಣ ಏರಿನಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಮುಚ್ಚಳ ಬಿಚ್ಚಿ ನೋಡಿದರೆ ಹಿಮ್ಮಡಿ ಸವೆದು ಸಂದು ಮುಚ್ಚಿಹೋಗಿದೆ, ಪಾಯಿಂಟ್ ತೆರೆಯುವುದೇ ಇಲ್ಲ. ಬೆಂಕಿಪೊಟ್ಟಣದಲ್ಲಿ ಉಜ್ಜಿದೆ. ಸಂದೇ ಇಲ್ಲದ ಮೇಲೆ ಉಜ್ಜಿ ಏನು ಫಲ? ಅದನ್ನು ಹಿಗ್ಗಿಸಲು ಸಡಿಲಿಸಬೇಕಾದ ಪುಟ್ಟ ಸ್ಕ್ರೂವಿನ ತಲೆ ಹಿಂದಿನ ನನ್ನದೇ ಅವಸರದ ರಿಪೇರಿಗಳಲ್ಲಿ ಸವೆದು ಬೋಳಾಗಿತ್ತು. ಸ್ಕ್ರೂಡ್ರೈವರ್ ಜಾರಿ ಜಾರಿ ಬೆರಳು ಕುಯ್ದಿತು. ಹುಡುಗ ಒಮ್ಮೆ ರಸ್ತೆಯ ಆ ತುದಿಯನ್ನು, ಒಮ್ಮೆ ಈ ತುದಿಯನ್ನು ನೋಡುತ್ತಿದ್ದ. "ಸಾರ್, ನಾನು ಓಡಿ ಹೋಗಲಾ?" ಎಂದು ಕೇಳಿದ. ಕೊನೆಗೆ ಕಬ್ಬಿನ ಲಾರಿಯೊಂದು ಬಂತು. ಅವನನ್ನು ಹತ್ತಿಸಿದೆ. ಅವನು ಕೇಂದ್ರ ತಲುಪಿದಾಗ ಒಳಗೆ ಬಿಡುವ ಸಮಯ ಮೀರಿತ್ತು. ಬಾಗಿಲಲ್ಲಿದ್ದವರು ನಿಯಮದಂತೆ ನಡೆದುಕೊಂಡರು. ಮಿಕ್ಕ ಎಲ್ಲ ವಿಷಯಗಳಲ್ಲಿಯೂ ಆ ಹುಡುಗ ಪಾಸಾದ. ಗಣಿತವನ್ನು ಪೂರಕ ಪರೀಕ್ಷೆಯಲ್ಲಿ ಬರೆದು ಮುಗಿಸುವ ಹೊತ್ತಿಗೆ ಆ ವರ್ಷದ ಕಾಲೇಜು ಪ್ರವೇಶ ಮುಗಿದಿತ್ತು. ಮರುವರ್ಷ ಅವನ ಅಪ್ಪ ಅವನನ್ನು ಓದಿಗೆ ಕಳಿಸಲಿಲ್ಲ.

ತಪ್ಪು ಯಂತ್ರದ್ದಲ್ಲ, ಅದನ್ನು ತಯಾರಿಸಿದವರದ್ದೂ ಅಲ್ಲ. ತಪ್ಪು ಪೂರ್ತಿಯಾಗಿ ನನ್ನದು. ಗಾಡಿ ಹದಿನೈದು ದಿನಗಳಿಂದ ಏರಿನಲ್ಲಿ ಸೊರಗುತ್ತಿತ್ತು, ನನಗೆ ಕಾರಣವೂ ಗೊತ್ತಿತ್ತು. ಹೊಸ ಪಾಯಿಂಟ್ ಸೆಟ್ಟು ಮೇಜಿನ ಖಾನೆಯಲ್ಲಿಯೇ ಇತ್ತು. ಪರೀಕ್ಷೆಯ ಗಡಿಬಿಡಿ ಮುಗಿಯಲಿ, ಭಾನುವಾರ ಹಾಕೋಣ ಎಂದು ಮುಂದೂಡಿದ್ದೆ. ಇದನ್ನು ಕೇಳಿದರೆ ಪಾಯಿಂಟ್ ಪಕ್ಷದವರು, "ನೋಡಿ, ನಾವು ಹೇಳುವುದೂ ಅದನ್ನೇ. ಸರಿಯಾಗಿ ನೋಡಿಕೊಂಡರೆ ಪಾಯಿಂಟ್ ಕೈಕೊಡುವುದಿಲ್ಲ" ಎನ್ನುತ್ತಾರೆ. ಒಪ್ಪಿದೆ. ಆದರೆ "ಸರಿಯಾಗಿ ನೋಡಿಕೊಂಡರೆ" ಎಂಬ ಆ ಮಾತಿನಲ್ಲಿಯೇ ಇಡೀ ವ್ಯಾಜ್ಯ ಅಡಗಿದೆ. ಮನುಷ್ಯ ಮರೆಯುತ್ತಾನೆ, ಮುಂದೂಡುತ್ತಾನೆ, ಕಾಯಿಲೆ ಬೀಳುತ್ತಾನೆ. ಮೂವತ್ತನಾಲ್ಕು ವರ್ಷ ಮಕ್ಕಳ ಹೋಂವರ್ಕ್ ನೋಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಮರೆವಿಗೆ ಹಿಂದಿನ ಸೀಟಿನಲ್ಲಿ ಕುಳಿತವನು ಬೆಲೆ ತೆರಬೇಕಾದ ವ್ಯವಸ್ಥೆಗಿಂತ ಮರೆವನ್ನು ಸ್ವಲ್ಪವಾದರೂ ಕ್ಷಮಿಸುವ ವ್ಯವಸ್ಥೆ ಮೇಲು. ಇದಕ್ಕಿಂತ ದೊಡ್ಡ ತತ್ತ್ವ ನನ್ನ ವಾದದಲ್ಲಿಲ್ಲ.

ಎರಡನೆಯದು ಮೂಲಸ್ವರೂಪದ ವಾದ. "ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಇರಬೇಕು" ಎನ್ನುತ್ತಾರೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬಗ್ಗೆ ನನಗೂ ಅಭಿಮಾನವಿದೆ. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿಯವರು ಸ್ಥಾಪಿಸಿದ, 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದಾಗ ನಮ್ಮಲ್ಲಿ ಎಷ್ಟೋ ಜನ ಮನೆಯ ಹಿರಿಯರನ್ನು ಕಳೆದುಕೊಂಡಂತೆ ನೊಂದೆವು. ಆದರೆ ಜಾವಾದ ತವರಾದ ಜೆಕ್ ನಾಡನ್ನು ನೋಡಿ. ಅಲ್ಲಿನ ವೇಪ್ ಎಂಬ ಸಂಸ್ಥೆ ಹಳೆಯ ಜಾವಾಗಳಿಗೆಂದೇ ಡೈನಮೋ ಮತ್ತು ಪಾಯಿಂಟಿನ ಜಾಗದಲ್ಲಿ ಕೂರುವ 12 ವೋಲ್ಟಿನ ಎಲೆಕ್ಟ್ರಾನಿಕ್ ಮ್ಯಾಗ್ನೆಟೋಗಳನ್ನು ತಯಾರಿಸುತ್ತದೆ. ತವರಿನವರಿಗೆ ಕಾಣದ ಪಾಪ ಇಲ್ಲಿ ನಮಗೆ ಮಾತ್ರ ಕಂಡದ್ದು ಹೇಗೆ?

ಪ್ರದರ್ಶನಕ್ಕೆ ಇಡುವ ಗಾಡಿಯ ಮಾತು ಬೇರೆ, ಅದನ್ನು ಒಪ್ಪುತ್ತೇನೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ತಂದಿತು. 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಇರುವ, ಚಾಸಿಸ್ಸು, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳಿಗೆ ಅದು ಅನ್ವಯಿಸುತ್ತದೆ. ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆ ಸಾಲಿಗೆ ಸೇರಿಸುವ ಉದ್ದೇಶವಿದ್ದವರು ಪಾಯಿಂಟನ್ನು ಮುಟ್ಟದಿರಲಿ. ವಸ್ತುಸಂಗ್ರಹಾಲಯದ ಧರ್ಮವೇ ಬೇರೆ, ರಸ್ತೆಯ ಧರ್ಮವೇ ಬೇರೆ. ನನ್ನ ಗಾಡಿಗೆ 2029ರಲ್ಲಿ 50 ತುಂಬುತ್ತದೆ. ಆಗಲೂ ಅದು ನನ್ನ ಮೊಮ್ಮಗಳನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಲಿ ಎಂಬುದಷ್ಟೇ ನನ್ನ ಆಸೆ.

ಮೂರನೆಯ ವಾದಕ್ಕೆ ತೂಕವಿದೆ. "ಪಾಯಿಂಟ್ ಸಾಯುವ ಮೊದಲು ನರಳುತ್ತದೆ, ಎಚ್ಚರಿಸುತ್ತದೆ. ಎಲೆಕ್ಟ್ರಾನಿಕ್ ಡಬ್ಬ ಎಚ್ಚರಿಸದೆ ಸಾಯುತ್ತದೆ. ಸತ್ತ ಮೇಲೆ ರಸ್ತೆಬದಿಯಲ್ಲಿ ಮಾಡುವುದೇನೂ ಇಲ್ಲ." ಇದು ನಿಜ. ಬಿಸಿ, ನಡುಕ, ಸಡಿಲವಾದ ಭೂಸಂಪರ್ಕದ ತಂತಿ ಇವು ಎಲೆಕ್ಟ್ರಾನಿಕ್ಸಿನ ಶತ್ರುಗಳು. ಆದ್ದರಿಂದಲೇ ಕಳಪೆ ಮಾಲು ಹಾಕಿಸಬಾರದು. ಡಬ್ಬಕ್ಕೆ ಗಾಳಿಯಾಡುವ ಜಾಗ ಬೇಕು, ಬ್ಯಾಟರಿಯ ಧನ ಋಣ ತುದಿಗಳನ್ನು ಅದಲು ಬದಲು ಮಾಡಬಾರದು, ತಯಾರಕರು ಹೇಳಿದ ಪ್ಲಗ್ ಕ್ಯಾಪನ್ನೇ ಬಳಸಬೇಕು. ದೂರ ಹೋಗುವವರು ಬದಲಿ ಡಬ್ಬವೊಂದನ್ನು ಸೀಟಿನ ಕೆಳಗೆ ಇಟ್ಟುಕೊಳ್ಳಲಿ. ಆದರೆ ನರಳಿ ಎಚ್ಚರಿಸುವುದೇ ಗುಣವೆಂದಾದರೆ, 1989ರಲ್ಲಿ ಹದಿನೈದು ದಿನ ನರಳಿದ್ದನ್ನು ನಾನು ಕೇಳಿಸಿಕೊಂಡೆನೇ?

ಎಲ್ಲರೂ ನನ್ನಂತೆಯೇ ಎಲ್ಲವನ್ನೂ ಬದಲಾಯಿಸಬೇಕೆಂದಿಲ್ಲ. ಇದರಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದರಲ್ಲಿ ಪಾಯಿಂಟ್ ಇದ್ದಲ್ಲಿಯೇ ಇರುತ್ತದೆ. ಕಾಯಿಲ್‌ನ ಭಾರವಾದ ವಿದ್ಯುತ್ತನ್ನು ಕಡಿಯುವ ಕೆಲಸವನ್ನು ಟ್ರಾನ್ಸಿಸ್ಟರ್ ವಹಿಸಿಕೊಳ್ಳುತ್ತದೆ, ಪಾಯಿಂಟ್ ಬರೀ ಸೂಚನೆ ಕೊಡುತ್ತದೆ. ಗುಂಡಿಗಳು ಸುಡುವುದು ನಿಲ್ಲುತ್ತದೆ, ಹಿಮ್ಮಡಿ ಸವೆಯುವುದು ಮಾತ್ರ ಉಳಿಯುತ್ತದೆ. ಎರಡನೆಯದರಲ್ಲಿ ಪಾಯಿಂಟಿನ ಜಾಗಕ್ಕೆ ಯಾವುದನ್ನೂ ಮುಟ್ಟದೆ ಸೂಚನೆ ಹಿಡಿಯುವ ಸಂವೇದಕ ಬರುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಆಧರಿಸಿದವು ಕೆಲವು, ಸುರುಳಿ ಮತ್ತು ಅಯಸ್ಕಾಂತದವು ಕೆಲವು. ಮೂರನೆಯದು ಡೈನಮೋ ಸಮೇತ ಎಲ್ಲವನ್ನೂ ತೆಗೆದು 12 ವೋಲ್ಟಿಗೆ ಹೋಗುವುದು. ಆಗ ಬಲ್ಬು, ಹಾರನ್ನುಗಳನ್ನೂ ಬದಲಾಯಿಸಬೇಕು. ಆದರೆ ಬ್ಯಾಟರಿ ಪೂರ್ತಿ ಸತ್ತಿದ್ದರೂ ಗಾಡಿ ಕಿಕ್ಕಿಗೆ ಹೊರಡುತ್ತದೆ. 6 ವೋಲ್ಟಿನ ಡೈನಮೋ ಗಾಡಿಯಲ್ಲಿ ಸೋತ ಬ್ಯಾಟರಿಯೊಂದಿಗೆ ಹೆಣಗಿದವರಿಗೆ ಇದರ ಬೆಲೆ ಗೊತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಗೂ ಕೋಲು ಬೀಸದಿದ್ದರೆ ಅನ್ಯಾಯವಾದೀತು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಮೈಲೇಜ್ ದುಪ್ಪಟ್ಟಾಗುತ್ತದೆ, ಶಕ್ತಿ ಹೆಚ್ಚುತ್ತದೆ, ಗಾಡಿ ಹಾರುತ್ತದೆ ಎಂದು ಮಾರುವವರ ಮಾತನ್ನು ನಂಬಬೇಡಿ. ಅಚ್ಚುಕಟ್ಟಾಗಿ ಹೊಂದಿಸಿದ ಪಾಯಿಂಟ್ ಕೊಡುವ ಕಿಡಿಗೂ ಇದರ ಕಿಡಿಗೂ ನಮ್ಮ ಯೆಜ್ಡಿಯ ವೇಗದಲ್ಲಿ ಶಕ್ತಿಯ ವ್ಯತ್ಯಾಸವನ್ನು ಹುಡುಕುವುದು ಕಷ್ಟ. ಸಿ.ಡಿ.ಐ. ಕಿಡಿ ಬಹು ಬೇಗ ಏರುವುದರಿಂದ ಎಣ್ಣೆ ಹಿಡಿದು ಕಪ್ಪಾದ ಪ್ಲಗ್ಗಿನಲ್ಲಿಯೂ ಹಾರುತ್ತದೆ, ಟೂ ಸ್ಟ್ರೋಕ್ ಗಾಡಿಗೆ ಅದು ನಿಜವಾದ ಉಪಕಾರ. ಮುಖ್ಯವಾದ ಲಾಭ ಬೇರೆ: ಇಂದು ಹೊಂದಿಸಿದ ಸಮಯ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಸವೆಯುವ ಹಿಮ್ಮಡಿ ಇಲ್ಲದ್ದರಿಂದ ಜಾರುವ ಸಮಯವೂ ಇಲ್ಲ. ಕಾರ್ಬುರೇಟರಿನ ಕಸವನ್ನಾಗಲಿ, ಸೋರುವ ಸೀಲನ್ನಾಗಲಿ, ಸವೆದ ಪಿಸ್ಟನ್ನನ್ನಾಗಲಿ ಯಾವ ಎಲೆಕ್ಟ್ರಾನಿಕ್ಸೂ ಸರಿಪಡಿಸದು. ಮೊದಲು ಅವನ್ನು ನೋಡಿ, ಆಮೇಲೆ ಡಬ್ಬ ಕೊಳ್ಳಿ.

ಕೊನೆಯ ವಾದ ನನ್ನ ವೃತ್ತಿಗೆ ಹತ್ತಿರವಾದದ್ದು. "ಪಾಯಿಂಟಿದ್ದರೆ ಮಕ್ಕಳು ನೋಡಿ ಕಲಿಯುತ್ತಾರೆ, ಮೊಹರು ಹಾಕಿದ ಡಬ್ಬದಿಂದ ಕಲಿಯುವುದೇನು?" ಎಂಬ ಪ್ರಶ್ನೆ ನನ್ನನ್ನೂ ಕಾಡಿತ್ತು. ಎಷ್ಟೋ ವರ್ಷ ನಾನು ಸವೆದ ಪಾಯಿಂಟ್ ಮತ್ತು ಹಳೆಯ ಕಾಯಿಲ್ ಒಯ್ದು ತರಗತಿಯಲ್ಲಿ ಕಿಡಿ ಹಾರಿಸಿ ತೋರಿಸಿದ್ದೇನೆ. ಪಠ್ಯಪುಸ್ತಕದ ಪ್ರೇರಣೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಹಾಗೆಂದು ಪಾಠಕ್ಕಾಗಿ ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಬೇಕೇ? ತೆಗೆದ ಪಾಯಿಂಟನ್ನು ಮೇಜಿನ ಮೇಲಿಟ್ಟು ಕಲಿಸಬಹುದು. ಡಬ್ಬದೊಳಗೆ ನಡೆಯುವುದೂ ಫ್ಯಾರಡೆಯ ತತ್ತ್ವವೇ. ಕಪಾಸಿಟರನ್ನು ಕೆಲವು ನೂರು ವೋಲ್ಟಿಗೆ ತುಂಬಿಸಿ, ಸೂಚನೆ ಬಂದೊಡನೆ ಥೈರಿಸ್ಟರ್ ಎಂಬ ಬಾಗಿಲನ್ನು ತೆರೆದು ಕಾಯಿಲ್‌ಗೆ ಸುರಿಯುವುದು ಸಿ.ಡಿ.ಐ. ವಿಧಾನ. ಇದನ್ನು ಹತ್ತನೆಯ ತರಗತಿಯ ಮಕ್ಕಳಿಗೆ ವಿವರಿಸಬಹುದು, ವಿವರಿಸಿದ್ದೇನೆ. ಕಲಿಸುವವನಿಗೆ ಅರ್ಥವಾಗದ್ದನ್ನೆಲ್ಲ "ಮೊಹರು ಹಾಕಿದ ಡಬ್ಬ" ಎಂದು ಕರೆಯುವುದು ನಮ್ಮ ಸೋಮಾರಿತನ.

2019ರಲ್ಲಿ ಬದಲಾಯಿಸಿದಾಗ ತೆಗೆದ ಡೈನಮೋ, ಪಾಯಿಂಟ್ ತಟ್ಟೆ, ಕಂಡೆನ್ಸರ್, ಫೀಲರ್ ಗೇಜ್ ಎಲ್ಲವನ್ನೂ ಎಣ್ಣೆ ಸವರಿ ಒಂದು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಇಟ್ಟಿದ್ದೇನೆ. ಏನನ್ನೂ ಕೊರೆದಿಲ್ಲ, ಕತ್ತರಿಸಿಲ್ಲ. ಒಂದು ಭಾನುವಾರದಲ್ಲಿ ಎಲ್ಲವನ್ನೂ ಮೊದಲಿನಂತೆಯೇ ಕೂರಿಸಬಹುದು. ಬದಲಾಯಿಸುವವರಿಗೆ ನಾನು ಹಾಕುವ ಏಕೈಕ ಷರತ್ತು ಇದು: ಹಿಂದಿರುಗುವ ದಾರಿಯನ್ನು ಮುಚ್ಚಬೇಡಿ, ಬದಲಾಯಿಸಿದ್ದನ್ನು ಬಚ್ಚಿಡಲೂ ಬೇಡಿ. ಎರಡನೆಯ ಭಾಗವನ್ನು ನಾನೇ ಆ ಜುಲೈ ಭಾನುವಾರ ಮುರಿದೆ.

ನಮ್ಮ ಸಮಾವೇಶಗಳಲ್ಲಿ ಈಗ ಬಿಳಿ ತಲೆಗಳೇ ಹೆಚ್ಚು. ಕಿವಿಯಿಂದಲೇ ಪಾಯಿಂಟ್ ಹೊಂದಿಸುತ್ತಿದ್ದ ಮೆಕ್ಯಾನಿಕ್ಕುಗಳಲ್ಲಿ ನನಗೆ ಪರಿಚಯವಿದ್ದ ಇಬ್ಬರು ಅಂಗಡಿ ಮುಚ್ಚಿದ್ದಾರೆ, ಒಬ್ಬರು ತೀರಿಕೊಂಡಿದ್ದಾರೆ. ನಾವು ಹೋದ ಮೇಲೆ ಈ ಗಾಡಿಗಳನ್ನು ಓಡಿಸಬೇಕಾದವರು ಆ ತರುಣನಂಥವರು. ಅವನು ಕೆಲಸಕ್ಕೆ ಅದೇ ಗಾಡಿಯಲ್ಲಿ ಹೋಗುತ್ತಾನಂತೆ, ವಾರಕ್ಕೆ ಆರು ದಿನ. ಅವನನ್ನು ನೋಡಿ ನಕ್ಕವರಲ್ಲಿ ಹಲವರ ಗಾಡಿಗಳು ವರ್ಷಕ್ಕೆ ಒಮ್ಮೆ, ಟೆಂಪೋ ಹತ್ತಿ ಅಲ್ಲಿಗೆ ಬಂದಿದ್ದವು. ಯಾವುದು ಹೆಣ, ಯಾವುದು ಜೀವಂತ ಎಂಬುದನ್ನು ಓದುಗರೇ ನಿರ್ಧರಿಸಲಿ.

ಮುಂದಿನ ಜುಲೈಯ ಎರಡನೆಯ ಭಾನುವಾರ, ಆರೋಗ್ಯ ನೆಟ್ಟಗಿದ್ದರೆ, ನಾನು ಮತ್ತೆ ಹೋಗುತ್ತೇನೆ. ಹೋದೊಡನೆ ಮಾಡುವ ಮೊದಲ ಕೆಲಸ ನನ್ನ ಗಾಡಿಯ ಬಲಬದಿಯ ಮುಚ್ಚಳವನ್ನು ಬಿಚ್ಚಿ, ಪಕ್ಕದಲ್ಲಿ ಆ ಬಿಸ್ಕತ್ತಿನ ಡಬ್ಬವನ್ನು ತೆರೆದಿಡುವುದು. ಕೇಳುವವರಿದ್ದರೆ ಕಿಡಿಯ ಪಾಠವನ್ನು ಇನ್ನೊಮ್ಮೆ ಮಾಡುತ್ತೇನೆ. ಆ ತರುಣನೂ ಬಂದರೆ, ಕಳೆದ ಸಲ ಆಡದೆ ಉಳಿದ ಮಾತನ್ನು ಅವನಿಗೆ ಎಲ್ಲರ ಎದುರಿಗೇ ಹೇಳುವುದಿದೆ.